ಪಕ್ಕೆ ಮೀನು ಹಿಮ್ಮಡಿ ಮುಟ್ಟಿ ನೋಡುವುದೇಕೆ?

ಲೋಕ ಇನ್ನೂ ಆಗತಾನೇ ಮಾಡಿಟ್ಟ ಮಡಕೆಯಂತೆ ಹಸಿಯಾಗಿದ್ದ ಕಾಲ. ಆಗ ಕೆರೆಗೂ ಮಾತು ಬರುತ್ತಿತ್ತು, ಗಾಳಿಗೂ ಮಾತು ಬರುತ್ತಿತ್ತು. ಮೀನುಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಮೊದಲ ಸಲ ಚಳಿ ಬಂತು. ಕರೆಯದೆ ಬಂದ ನೆಂಟನ ಹಾಗೆ ಬಂದು, ಹೊರಡುವ ಮಾತನ್ನೇ ಆಡಲಿಲ್ಲ. ಕೆರೆಯಲ್ಲಿದ್ದ ಪಕ್ಕೆ ಮೀನುಗಳು, ಅದೇ ಅಂಗೈಯಗಲದ ಬೆಳ್ಳಿ ಬಣ್ಣದವು, ನಡುಗುತ್ತಾ ತಳಕ್ಕಿಳಿದು ಕೆಸರಿನಲ್ಲಿ ಮಲಗಿಬಿಟ್ಟವು.

ಕೆರೆಯ ದಡದ ಗುಡಿಸಲಿನಲ್ಲಿ ಸಣ್ಣೀರಮ್ಮ ಎಂಬ ಅಜ್ಜಿ ಇದ್ದಳು. ಅವಳ ಮಗಳು ಚಿಕ್ಕತಾಯಿ ಆಗಷ್ಟೇ ಹೆತ್ತಿದ್ದಳು. ಎದೆಯಲ್ಲಿ ಕೂಸಿಗೆ ಸಾಲುವಷ್ಟು ಹಾಲು ಇಳಿದಿರಲಿಲ್ಲ. ಪಕ್ಕೆ ಮೀನಿನ ಸಾರು ಉಂಡರೆ ಹಾಲು ಬರುತ್ತದೆ ಎಂದು ಅಜ್ಜಿ ನಂಬಿದ್ದಳು. ಆದರೆ ಮೀನೆಲ್ಲಿ? ಅತ್ತೂ ಅತ್ತೂ ಕೂಸಿನ ದನಿ ಸಣ್ಣಗಾಗುತ್ತಿತ್ತು.

ಮುತ್ತುಗ ಹೂ ಬಿಟ್ಟಿತು. ಬಿಸಿಲೂ ಸ್ವಲ್ಪ ಬಲಿಯಿತು. ಅಜ್ಜಿ ಬೆಳಗಾದರೆ ಬಾಣಂತಿಗೆ ನೀರು ಕಾಯಿಸಿ, ಎರೆದು, ಗಾಳ ಹಿಡಿದು ಓಡುತ್ತಿದ್ದಳು. ಎರೆಹುಳು ಸಿಕ್ಕಿಸಿ ಕೆರೆಯ ನಡುವಿಗೇ ಎಸೆಯುತ್ತಿದ್ದಳು. ದಾರಕ್ಕೆ ಕಟ್ಟಿದ ತೇಲುವ ಬೆಂಡು ಅಲುಗುತ್ತಿರಲಿಲ್ಲ. ಮೀನೆಲ್ಲಿ ಎಂದು ಗಾಳಿಯನ್ನು ಕೇಳಿದಳು. ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಇರಬಹುದು, ಇಲ್ಲದೆಯೂ ಇರಬಹುದು ಎಂದು ಹೇಳಿ ಹೋಯಿತು. ಕೆರೆಯನ್ನು ಕೇಳಿದಳು. ಇವೆ, ಆದರೆ ಬಾಯಿ ಮರಗಟ್ಟಿದೆ, ಹುಳವನ್ನು ಹೇಗೆ ಕಚ್ಚುತ್ತವೆ ಎಂದಿತು ಕೆರೆ.

ಒಂದು ದಿನ ಅಜ್ಜಿಗೆ ಸಾಕಾಗಿ ಹೋಯಿತು. ಅಂಚಿನ ಕಲ್ಲಿನ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು. ಬೆಳಗಿನಿಂದ ಒಲೆಯ ಮುಂದೆ ಇದ್ದ ಕಾಲು ಇನ್ನೂ ಬಿಸಿಯಾಗಿತ್ತು. ಆ ಬಿಸಿ ಮೆಲ್ಲಗೆ ಕೆರೆಯ ತಳದವರೆಗೂ ಹೋಯಿತು. ಒಂದು ಪುಟ್ಟ ಪಕ್ಕೆ ಅದರ ಜಾಡು ಹಿಡಿದು ಬಂದು, ಅಜ್ಜಿಯ ಒಡಕು ಹಿಮ್ಮಡಿಯನ್ನು ಬಾಯಿಂದ ಮುಟ್ಟಿತು. ಕಚಗುಳಿಯಾದರೂ ಅಜ್ಜಿ ಕಾಲು ಎಳೆದುಕೊಳ್ಳಲಿಲ್ಲ.

"ಇದು ಸೂರ್ಯನ ಕಾಲಾ?" ಎಂದು ಮೀನು ಕೇಳಿತು.

ಎಷ್ಟೋ ದಿನಕ್ಕೆ ಅಜ್ಜಿ ನಕ್ಕಳು. "ಬಾಣಂತಿ ನೀರೊಲೆ ಮುಂದೆ ಕೂತಿದ್ದ ಕಾಲು ಕಣಪ್ಪ. ಆದ್ರೆ ಸುತ್ತ ನೋಡು, ಇಲ್ಲಿ ನೀರೂ ಬೆಚ್ಚಗದೆ. ಬಿಸ್ಲು ತಳ ಮುಟ್ಟೋದು ಈ ಅಂಚಲ್ಲೇ."

ಮೀನು ಸುತ್ತಿ ನೋಡಿತು. ನಿಜ. ಆದರೆ ಅಂಚಿಗೆ ಬಂದವರೆಲ್ಲ ಕೊಕ್ಕರೆಯ ಪಾಲು ಎಂದು ಹೆದರಿತು. ತಾನು ದಿನವೂ ಬಂದು ಕೂರುವುದಾಗಿಯೂ, ಕೂತಿರುವಷ್ಟು ಹೊತ್ತು ಕೊಕ್ಕರೆ ಹತ್ತಿರ ಸುಳಿಯುವುದಿಲ್ಲವೆಂದೂ ಹೇಳಿದಳು ಅಜ್ಜಿ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆಗಲಿಲ್ಲ, ಮುಚ್ಚಿಡುವುದು ಅವಳ ಸ್ವಭಾವವಲ್ಲ.

"ನನ್ ಕೈಲೂ ಗಾಳ ಅದೆ. ಮನೇಲಿ ಕೂಸು ಹಾಲಿಲ್ದೆ ಅಳ್ತದೆ. ಒಂದು ಮಡಕೆ ಸಾರಿಗೆ ಆಗೋಷ್ಟು ಹಿಡೀತೀನಿ. ಮೊಟ್ಟೆ ತುಂಬ್ಕೊಂಡಿರೋರು ಸಿಕ್ಕಿದ್ರೆ ತಿರ್ಗಾ ನೀರಿಗೆ ಬಿಡ್ತೀನಿ."

ಪುಟ್ಟ ಮೀನು ತಳಕ್ಕೆ ಹೋಗಿ ಎಲ್ಲವನ್ನೂ ಹೇಳಿತು. ಹಿರಿಯ ಮೀನುಗಳು ಬಹಳ ಹೊತ್ತು ಯೋಚಿಸಿದವು. ಕೆಸರಿನಲ್ಲೇ ಇದ್ದರೆ ಮೊಟ್ಟೆಯೂ ಇಲ್ಲ, ಕುಲವೂ ಇಲ್ಲ. ಅಂಚಿಗೆ ಹೋದರೆ ಕೆಲವರು ಗಾಳಕ್ಕೆ ಸಿಕ್ಕಿ ಸಾಯುತ್ತಾರೆ, ಕುಲ ಉಳಿಯುತ್ತದೆ. ಕೊನೆಗೆ ಎಲ್ಲವೂ ಎದ್ದು ಬಿಸಿಲಿನತ್ತ ಹೊರಟವು.

ಮೈ ಬೆಚ್ಚಗಾಗುತ್ತಲೇ ಹಸಿವಾಯಿತು. ಬೆಂಡು ಕುಣಿಯಿತು. ಅಜ್ಜಿ ಮಡಕೆಗಾಗುವಷ್ಟೇ ಹಿಡಿದಳು. ಹೊಟ್ಟೆ ಉಬ್ಬಿದವುಗಳನ್ನು, ಅವೇ ದಪ್ಪಗಿದ್ದರೂ, ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟಳು. ಆ ಸಂಜೆ ಗುಡಿಸಲಿನಲ್ಲಿ ಸಾರು ಕುದಿಯಿತು.

ಮರುದಿನ ಅಜ್ಜಿ ಗಾಳವಿಲ್ಲದೆ ಬಂದು, ಮಾತಿಗೆ ತಪ್ಪದೆ ಅಂಚಿನಲ್ಲಿ ಕೂತಳು. ಅದೇ ಪುಟ್ಟ ಮೀನು ಬಂದು ಹಿಮ್ಮಡಿ ಮುಟ್ಟಿತು.

"ಕೂಸು ಹಾಲು ಕುಡೀತಾ?"

"ಕುಡೀತು ಕಣಪ್ಪ. ಹೊಟ್ಟೆ ತುಂಬ ಕುಡ್ದು ಮಲಗ್ತು," ಎಂದಳು ಅಜ್ಜಿ. ಕಣ್ಣೊರೆಸಿಕೊಳ್ಳುವುದಕ್ಕೂ ನಾಚಲಿಲ್ಲ.

ಈಗ ಲೋಕಕ್ಕೆ ವಯಸ್ಸಾಗಿದೆ, ಮೀನಿನ ಮಾತು ನಮಗೆ ಕೇಳಿಸುವುದಿಲ್ಲ. ಆದರೂ ಮಗು, ಚಳಿ ಹಿಂದೆ ಸರಿದು ಬಿಸಿಲು ಬಲಿಯುವ ದಿನಗಳಲ್ಲಿ ಕೆರೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ನೀನು ಅಲುಗಾಡದೆ ಕೂತರೆ, ಪುಟ್ಟ ಮೀನುಗಳು ಬಂದು ನಿನ್ನ ಹಿಮ್ಮಡಿ ಮುಟ್ಟಿ, ನಿಮ್ಮ ಮನೆಯ ಕೂಸು ಹಾಲು ಕುಡಿಯಿತೆ ಎಂದು ಇಂದಿಗೂ ಕೇಳುತ್ತವೆ.