ಚೆಲ್ಲದ ಸರ

ನೆಟ್ಟಗೆ ಮಲಗು, ಧೃತಿ. ದಿಂಬು ಇರುವುದು ತಲೆಗೆ, ತಬ್ಬಿಕೊಳ್ಳುವುದಕ್ಕಲ್ಲ. ಬೆಳಗಿನಿಂದ ಕರಕುಶಲ ಮೇಳದ ಆ ಕಬ್ಬಿಣದ ಕುರ್ಚಿಯಲ್ಲಿ ಕೂತು ನನ್ನ ಸೊಂಟ ಹಿಡಿದುಹೋಗಿದೆ. ಆದರೂ ಕತೆ ಹೇಳುತ್ತೇನೆ ಅಂದಿದ್ದೆ, ಹೇಳುತ್ತೇನೆ. ಇವತ್ತು ಮೇಷ್ಟರ ಹೆಂಡತಿಯ ಕೈಯಲ್ಲಿ ನಮ್ಮ ಮಣಿಬಳೆ ಹರಿದು ಮಣಿಯೆಲ್ಲ ಚೆಲ್ಲಿಹೋಯಿತಲ್ಲ, ನೀವೇ ಎಳೆದಿರಬೇಕು ಅಂತ ನೀನು ಅವರಿಗೆ ಅಂದೆಯಲ್ಲ, ಆ ಮಾತಿಗೆ ಕಡೆಯಲ್ಲಿ ಬರೋಣ.

ಮೊದಲು ನಮ್ಮದು ಎಂಥ ಮನೆತನ ಅಂತ ತಿಳಿದುಕೊ. ಸುತ್ತಲ ಊರುಗಳಲ್ಲಿ ಮದುವೆ ಅಂದರೆ ಕರಿಮಣಿ ನಮ್ಮ ಮನೆಯಿಂದಲೇ ಹೋಗಬೇಕಿತ್ತು. ನನ್ನ ಅಜ್ಜಿ ಪೋಣಿಸಿದ ಸರ ಹಾಕಿಕೊಂಡವರು ಅದನ್ನು ಮೊಮ್ಮಕ್ಕಳ ಮದುವೆಗೂ ಹಾಕಿಕೊಂಡು ಬಂದರು. ನನ್ನನ್ನು ಕಾನ್ವೆಂಟಿಗೆ ಸೇರಿಸಿದಾಗ ಹೊಲಿಗೆ ಕಲಿಸುವ ಸಿಸ್ಟರ್ ನಾನು ದಾರಕ್ಕೆ ಹಾಕಿದ ಗಂಟು ನೋಡಿ, ಇವಳಿಗೆ ನಾನೇನು ಕಲಿಸಲಿ ಅಂದರು. ಅವರು ಯಾರನ್ನೂ ಸುಮ್ಮನೆ ಹೊಗಳುವವರಲ್ಲ. ಈ ಕತೆಯೂ ಅದೇ ಮನೆಯದು.

ಯಾವ ಕಾಲ ಅಂತ ಕೇಳಬೇಡ, ಒಂದು ಕಾಲ. ಆ ಕಾಲದಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು ಇದ್ದಳಂತೆ, ಅವಳಿಗೆ ಮೂರು ಜನ ಸೊಸೆಯರಂತೆ, ಮನೆ ತುಂಬ ಮಣಿಯಂತೆ. ಹವಳದ ಮಣಿ, ಗಾಜಿನ ಮಣಿ, ಬೀಜದ ಮಣಿ, ಎಲ್ಲಕ್ಕಿಂತ ಹೆಚ್ಚಾಗಿ ಕರಿಮಣಿ. ಬೇರೆಯವರು ದಾರಕ್ಕೆ ಮಣಿ ಏರಿಸಿ ಎರಡು ತುದಿ ಕಟ್ಟಿ ಮಾರಿಬಿಡುತ್ತಿದ್ದರಂತೆ. ಈ ಮನೆಯಲ್ಲಿ ಹಾಗಲ್ಲ. ಒಂದು ಮಣಿ ಪೋಣಿಸಬೇಕು, ಒಂದು ಗಂಟು ಹಾಕಬೇಕು, ಉಗುರಿನಿಂದ ಆ ಗಂಟನ್ನು ಮಣಿಯ ಬುಡಕ್ಕೆ ತಳ್ಳಬೇಕು, ಆಮೇಲೆ ಇನ್ನೊಂದು ಮಣಿ. ದಾರ ಎಲ್ಲಿ ಹರಿದರೂ ಒಂದು ಮಣಿ ಉದುರೀತು, ಮಿಕ್ಕದ್ದು ಕದಲುವುದಿಲ್ಲ. ನಮ್ಮ ಮನೆಯ ಸರ ಚೆಲ್ಲುವುದಿಲ್ಲ ಅಂತ ಹೊನ್ನಾಜಮ್ಮ ಬೀಗುತ್ತಿದ್ದಳಂತೆ.

ಆ ಸೀಮೆಯಲ್ಲಿ ಕೈಕೆಲಸದವರಿಗೆ ಅಂತಲೇ ಮೂರು ಸಂತೆ ನಡೆಯುತ್ತಿದ್ದವಂತೆ, ಒಂದು ಕೋಟೆ ಬಾಗಿಲಲ್ಲಿ, ಒಂದು ಹೊಳೆ ದಡದಲ್ಲಿ, ಒಂದು ಹುಣಸೆ ತೋಪಿನಲ್ಲಿ. ಹೊನ್ನಾಜಮ್ಮ ಸೊಸೆಯರ ತಲೆಯ ಮೇಲೆ ಬುಟ್ಟಿ ಹೊರಿಸಿಕೊಂಡು ಕೋಟೆ ಬಾಗಿಲಿಗೆ ಹೋದಳಂತೆ. ಬಂದವರೆಲ್ಲ ಸರ ಎತ್ತಿ ತೂಗಿ ನೋಡಿ, ಇಷ್ಟು ಮಣಿಗೆ ಇಷ್ಟೊಂದಾ ಅಜ್ಜಿ, ನಮ್ಮ ಹುಡುಗಿಯೇ ಪೋಣಿಸ್ತಾಳೆ ಬಿಡು ಅಂತ ಇಟ್ಟು ಹೋದರಂತೆ. ಆಮೇಲೆ ಹೊಳೆ ದಡಕ್ಕೆ ಹೋದಳಂತೆ, ಅಲ್ಲಿ ಒಬ್ಬಳು ಇದ್ದಬದ್ದ ಸರವನ್ನೆಲ್ಲ ಕೊರಳಿಗೆ ಹಾಕಿ ಹಾಕಿ ನೀರಿನಲ್ಲಿ ಮುಖ ನೋಡಿಕೊಂಡು, ನಮ್ಮೆಜಮಾನರನ್ನ ಕೇಳ್ಕೊಂಡು ಬರ್ತೀನಿ ಅಂತ ಹೋದವಳು ಹೋದಳೇ ಅಂತೆ. ಆಮೇಲೆ ಹುಣಸೆ ತೋಪಿಗೆ ಹೋದಳಂತೆ. ಅಲ್ಲಿ ಜನ ಕೊಂಡರು, ಆದರೆ ಕೊಂಡವರೂ, ಇಷ್ಟೇನಾ ಇರೋದು ಅಂತ ಮೂಗು ಮುರಿದರಂತೆ. ಬಿಸಿಲಲ್ಲಿ ಕೂತು ನಗುತ್ತ ಇರುವುದು ಎಷ್ಟು ಆಯಾಸ ಅಂತ ಕೂತವರಿಗೇ ಗೊತ್ತು. ಇಷ್ಟೇನಾ ಅಂದ ಆ ಮಾತು ಹೊನ್ನಾಜಮ್ಮನಿಗೆ ಚುಚ್ಚಿತಂತೆ. ಇನ್ನು ಮೇಲೆ ಮೂರು ಸಂತೆಗೂ ಮೂರು ಬುಟ್ಟಿ ತುಂಬಿರಬೇಕು ಅಂತ ಸೊಸೆಯರಿಗೆ ಹೇಳಿಬಿಟ್ಟಳಂತೆ.

ಸೊಸೆಯರು ಹಗಲೆಲ್ಲ ಪೋಣಿಸಿದರಂತೆ, ದೀಪ ಹಚ್ಚಿಕೊಂಡು ಪೋಣಿಸಿದರಂತೆ. ಹಿರಿಯವಳು ಬೆರಳು ನೋವು ಅಂತ ಗೊಣಗಿದಳಂತೆ, ನಡುವಿನವಳು ಕಣ್ಣುರಿ ಅಂತ ಗೊಣಗಿದಳಂತೆ, ಕಿರಿಸೊಸೆ ಚೆಲುವಿ ಮಾತ್ರ ಏನೂ ಅನ್ನಲಿಲ್ಲವಂತೆ. ಅವಳ ಬುಟ್ಟಿಯೇ ಎಲ್ಲರಿಗಿಂತ ಮೊದಲು ತುಂಬುತ್ತಿತ್ತಂತೆ. ನೋಡಿ ಕಲೀರೇ ಅಂತ ಹೊನ್ನಾಜಮ್ಮ ಮಿಕ್ಕ ಇಬ್ಬರಿಗೂ ಹೇಳುತ್ತಿದ್ದಳಂತೆ.

ಹೀಗಿರುವಾಗ ಹುಣಸೆ ತೋಪಿನ ಸಂತೆಗೆ ಕುಂಬಾರರ ಕೆಂಪಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತ ಬಂದಳಂತೆ. ಮಗಳ ಮದುವೆಗೆ ಇವರಿಂದಲೇ ಕರಿಮಣಿ ಸರ ಕೊಂಡಿದ್ದವಳು ಅವಳು. ಸರ ಹೆಚ್ಚಿತು ಅಮ್ಮಾವ್ರೇ, ಹರೀತು ಅಂತ ನನ್ನ ಬಾಯಲ್ಲಿ ಬರಲ್ಲ ಅಂದಳಂತೆ. ಮದುಮಗಳು ಪಂಕ್ತಿಯಲ್ಲಿ ತುಪ್ಪ ಬಡಿಸೋಕೆ ಬಗ್ಗಿದಳು, ಮಣಿಯೆಲ್ಲ ಎಲೆ ಎಲೆ ಮೇಲೂ ಬಿತ್ತು. ಬೀಗಿತ್ತಿ ಏನಂದಳು ಗೊತ್ತಾ, ಹೊನ್ನಾಜಮ್ಮನ ಮನೆ ಸರ ಚೆಲ್ಲೋದೇ ಇಲ್ಲ ಅಂತ ಲೋಕಕ್ಕೇ ಗೊತ್ತು, ಅದೇ ಚೆಲ್ತು ಅಂದ್ರೆ ದೋಷ ಸರದ್ದಲ್ಲ, ಹುಡುಗಿ ಕಾಲ್ಗುಣದ್ದು ಅಂದಳು. ನನ್ನ ಮಗಳನ್ನ ಒಳಗೆ ಕರೆದಿಲ್ಲ, ಅವರ ಜಗಲಿ ಮೇಲೆ ಕೂತವಳೆ. ನೀವು ಬಂದು ಸರದ್ದೇ ತಪ್ಪು ಅಂತ ಒಂದು ಮಾತು ಹೇಳಿ, ನಿಮ್ಮ ಮಾತು ನಡೀತದೆ ಅಂದಳಂತೆ.

ಹೊನ್ನಾಜಮ್ಮನಿಗೆ ಹುಡುಗಿ ಕಾಣಲಿಲ್ಲವಂತೆ, ಮನೆತನ ಕಂಡಿತಂತೆ. ಏನೇ ಕೆಂಪಿ, ನಮ್ಮ ಸರ ಚೆಲ್ಲಿತಾ, ಇನ್ನೆಲ್ಲೋ ಅಗ್ಗಕ್ಕೆ ಕೊಂಡು ನಮ್ಮ ಹೆಸರು ಹೇಳ್ತೀಯಾ ಅಂತ ಸಂತೆಗೆಲ್ಲ ಕೇಳುವ ಹಾಗೆ ಕೂಗಿದಳಂತೆ. ನೋಡ್ರಪ್ಪ ಎಲ್ಲರೂ, ಈಗಲೇ ಕತ್ತರಿಸಿ ತೋರಿಸ್ತೀನಿ, ಒಂದೇ ಒಂದು ಮಣಿ ಬೀಳುತ್ತೆ ಅಂತ ಹತ್ತಿರದ ಬುಟ್ಟಿಗೆ ಕೈ ಹಾಕಿದಳಂತೆ. ಅದು ಚೆಲುವಿಯ ಬುಟ್ಟಿ. ಅತ್ತೆ, ಅದು ಬೇಡ, ಬೇರೆ ತಗೊಳ್ಳಿ ಅಂದಳಂತೆ ಚೆಲುವಿ. ಯಾಕೆ ಬೇಡ, ಇದೇ ಆಗಲಿ ಅಂತ ಹೊನ್ನಾಜಮ್ಮ ಕತ್ತರಿ ಹಾಕಿದಳಂತೆ.

ಸರಸರ ಅಂತ ಮಣಿಯೆಲ್ಲ ಸುರಿದುಹೋಯಿತಂತೆ. ಚಾಪೆ ಮೇಲೆ, ಮಡಕೆಗಳ ನಡುವೆ, ಹುಣಸೆ ಬೇರಿನ ಸಂದಿಗೆ. ಒಂದು ಕೋಳಿ ಬಂದು ಎರಡು ಹೆಕ್ಕಿಕೊಂಡು ಹೋಯಿತಂತೆ. ಪಕ್ಕದ ಮೇದರವನು, ಕೋಳಿಗೂ ಮದುವೆ ಮಾಡಿಸಿದ್ರಾ ಅಜ್ಜಿ ಅಂದನಂತೆ, ಎಲ್ಲರೂ ನಕ್ಕರಂತೆ.

ಹೊನ್ನಾಜಮ್ಮ ಕೂತುಬಿಟ್ಟಳಂತೆ. ಆಮೇಲೆ ಚೆಲುವಿ ಹತ್ತಿರ ಬಂದು, ಬುಟ್ಟಿ ತುಂಬಬೇಕು ಅಂದ್ರಿ ಅತ್ತೆ, ಕಣ್ಣು ಎಳೀತಿತ್ತು, ಗಂಟು ಬಿಟ್ಟುಬಿಟ್ಟೆ, ಬೇಗ ಆಯ್ತು, ನೀವು ಹೊಗಳಿದ್ರಿ, ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ ಅಂದಳಂತೆ. ಇವಳನ್ನ ತವರಿಗೆ ಕಳಿಸಿ ಅಂದಳಂತೆ ಹಿರಿಸೊಸೆ. ಬುಟ್ಟಿ ಎತ್ತಿ, ಈ ಸಂತೆಗೆ ಮತ್ತೆ ಬರೋದು ಬೇಡ ಅಂದಳಂತೆ ನಡುವಿನವಳು. ಹೊನ್ನಾಜಮ್ಮ, ಸೂಜಿ ದಾರ ಕೊಡಿ ಅಂದಳಂತೆ. ಅಲ್ಲೇ, ನಕ್ಕವರ ಎದುರಿಗೇ, ಒಂದು ಮಣಿ ಒಂದು ಗಂಟು, ಒಂದು ಮಣಿ ಒಂದು ಗಂಟು ಅಂತ ಹೊಸ ಕರಿಮಣಿ ಸರ ಪೋಣಿಸಿದಳಂತೆ. ಸಂತೆ ಎದ್ದುಹೋದರೂ ಅವಳು ಏಳಲಿಲ್ಲವಂತೆ. ಮುಗಿದ ಮೇಲೆ ಕೆಂಪಮ್ಮನನ್ನೂ ಚೆಲುವಿಯನ್ನೂ ಕರೆದುಕೊಂಡು ಬೀಗರ ಮನೆಗೆ ನಡೆದಳಂತೆ.

ಆ ಹುಡುಗಿ ಮದುವೆ ಸೀರೆಯಲ್ಲೇ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳಂತೆ. ಹೊನ್ನಾಜಮ್ಮ ಬಾಗಿಲಲ್ಲಿ ನಿಂತು, ಗಂಟಿಲ್ಲದ ಸರ ಕೊಟ್ಟೆವು, ತಪ್ಪು ನಮ್ಮ ಮನೆಯದು, ಹುಡುಗಿ ಕಾಲ್ಗುಣಕ್ಕೆ ಏನೂ ಆಗಿಲ್ಲ ಅಂದಳಂತೆ. ಬೀಗಿತ್ತಿ ಮೆತ್ತಗಾಗಿ, ಹಾಗಾದ್ರೆ ಸರಿ, ಬಾರಮ್ಮ ಒಳಗೆ ಅಂದಳಂತೆ.

ಇರಿ, ಅಂದಳಂತೆ ಹೊನ್ನಾಜಮ್ಮ. ನಮ್ಮದು ನಾನು ಹೇಳಿ ಆಯಿತು, ನಿಮ್ಮದು ಇನ್ನೂ ಇದೆ. ಮಾಡದ ತಪ್ಪಿಗೆ ಹೊರಗೆ ಕೂರಿಸಿದ್ರಿ, ಹುಡುಗಿಗೆ ತಪ್ಪಾಯ್ತು ಅನ್ನಿ.

ಅತ್ತೆ ಸೊಸೆಗೆ ತಪ್ಪಾಯ್ತು ಅನ್ನೋದು ಎಲ್ಲಾದ್ರೂ ಉಂಟಾ, ಅಂದಳಂತೆ ಬೀಗಿತ್ತಿ.

ಹೊನ್ನಾಜಮ್ಮ ಹಿಂದಕ್ಕೆ ತಿರುಗಿ ಚೆಲುವಿಯ ಕೈ ಹಿಡಿದುಕೊಂಡು, ನೀನು ಸೋತಿದ್ದೆ, ನಾನು ಇನ್ನೂ ಇನ್ನೂ ಅಂದೆ, ತಪ್ಪಾಯ್ತು ಕಣಮ್ಮ ಅಂದಳಂತೆ. ಅಂದು, ಬೀಗಿತ್ತಿಯ ಕಡೆ ನೋಡಿ, ಉಂಟು ಅಂದಳಂತೆ.

ಬೀಗಿತ್ತಿ ಇನ್ನೇನು ಮಾಡುತ್ತಾಳೆ, ಹುಡುಗಿಗೆ ತಪ್ಪಾಯ್ತು ಅಂದಳಂತೆ. ಹುಡುಗಿ ಹೊಸ ಸರ ಹಾಕಿಕೊಂಡು ಹೊಸ್ತಿಲು ದಾಟಿದಳಂತೆ, ಆ ಮನೆಯಲ್ಲಿ ಚೆನ್ನಾಗಿ ಬಾಳಿದಳಂತೆ. ಹೊನ್ನಾಜಮ್ಮ ಎರಡು ಸಂತೆ ಬಿಟ್ಟು ಹುಣಸೆ ತೋಪಿಗೆ ಮಾತ್ರ ಹೋದಳಂತೆ, ಅರ್ಧ ಬುಟ್ಟಿಯಾದರೂ ಗಂಟು ಹಾಕಿದ್ದನ್ನೇ ಒಯ್ದಳಂತೆ. ಇಷ್ಟೇನಾ ಅಂದವರಿಗೆ ಇಷ್ಟೇ ಅಂದಳಂತೆ. ಚೆಲುವಿ ಬೇಗ ಮಲಗಿದಳಂತೆ. ಕತೆಗೆ ಗಂಟು ಬಿತ್ತು, ನೀನು ಹಾಲು ಕುಡಿ, ನಾನು ದೀಪ ಆರಿಸುತ್ತೇನೆ.

ಆ ಮಣಿಬಳೆ ಪೋಣಿಸಿದವಳು ನೀನು. ಒಂದು ಗಂಟೂ ಇರಲಿಲ್ಲ. ನಾಳೆ ಮೇಷ್ಟರ ಹೆಂಡತಿ ಮತ್ತೆ ಮೇಳಕ್ಕೆ ಬರುತ್ತಾರೆ, ನಾನೂ ಪಕ್ಕದಲ್ಲಿ ನಿಂತಿರುತ್ತೇನೆ. ನೀನು ಅವರ ಮುಖ ನೋಡಿ, ಕೇಳುವ ಹಾಗೆ, ಕ್ಷಮೆ ಕೇಳಬೇಕು.