ತಳದ ಹಣ್ಣು

ಒಂದು ಕಾಡಿನಲ್ಲಿ ಸೀತಾಫಲ ಬೇಕಾದಷ್ಟಿತ್ತು, ಉಪ್ಪು ಮಾತ್ರ ಚಿಟಿಕೆಯೂ ಇರಲಿಲ್ಲ. ಆ ಕಾಡಿಗೆ ಸಮುದ್ರವೇ ಇಲ್ಲ ನೋಡಿ, ಸುತ್ತಲೂ ಬೇರೆಯವರ ಕಾಡು. ಸಮುದ್ರದ ದಡದ ಆಮೆಗಳಿಗೆ ಹಣ್ಣು ಕೊಟ್ಟರೆ ಅವು ಗಂಟಿನ ತೂಕ ನೋಡಿ ಉಪ್ಪು ಕೊಡುತ್ತಿದ್ದವು. ಹಣ್ಣಿನ ಗಂಟುಗಳು ಕತ್ತೆಗಳ ಬೆನ್ನೇರಿ, ಪಕ್ಕದ ಕಾಡಿನ ಕಣಿವೆ ದಾಟಿ ಹೋಗಬೇಕಿತ್ತು. ಆ ಕಣಿವೆಯನ್ನು ಒಂದು ಕರಡಿ ಕಾಯುತ್ತಿತ್ತು.

ಕತ್ತೆಗಳ ಸಾಲಿಗೆ ನರಿಯೇ ಯಜಮಾನ, ಅದರ ಹಣ್ಣಿನ ಗಂಟೂ ಆ ಸಾಲಿನಲ್ಲೇ ಹೋಗುತ್ತಿತ್ತು. ಅದಕ್ಕೆ ದಾರಿ ಗೊತ್ತು, ಮಾತೂ ಗೊತ್ತು. ಗಂಟು ಕೊಟ್ಟವರು ಯಾರೂ ಹಿಂದೆ ಹೋಗಿ ನೋಡುತ್ತಿರಲಿಲ್ಲ. ನರಿ ಇದೆಯಲ್ಲ ಅಂತ ಮನೆಯಲ್ಲಿ ಹಾಯಾಗಿ ಮಲಗುತ್ತಿದ್ದರು.

ಆ ವರ್ಷ ಹಣ್ಣು ದಡ ಮುಟ್ಟುವಷ್ಟರಲ್ಲಿ ಕೊಳೆತು ನೀರಾಗತೊಡಗಿತು. ಕರಡಿ ಒಂದೊಂದೇ ಗಂಟು ಬಿಚ್ಚಿ, ಒಂದೊಂದೇ ಹಣ್ಣು ಮೂಸಿ ನೋಡುತ್ತಿತ್ತು. ಹಿಂದಿನ ಕತ್ತೆಗಳು ಬಿಸಿಲಲ್ಲಿ ನಿಂತೇ ಇರುತ್ತಿದ್ದವು. ಕೊಳೆತ ಹಣ್ಣಿಗೆ ಯಾವ ಆಮೆ ಉಪ್ಪು ಕೊಡುತ್ತದೆ? ಆನೆ ಪೊದೆಗಳನ್ನು ತುಳಿದು ದಾರಿ ಅಗಲ ಮಾಡಿಕೊಟ್ಟಿತು. ಕತ್ತೆಗಳು ಓಡೋಡಿ ಹೋದವು. ಓಡಿ ಹೋಗಿ ಅದೇ ಕಣಿವೆಯಲ್ಲಿ ನಿಂತವು, ಅಷ್ಟೇ ಬಂದ ಭಾಗ್ಯ.

ಚುಕ್ಕಿ ಎಂಬ ಜಿಂಕೆಗೆ ಒಂದು ಮರಿ ಇತ್ತು. ಉಪ್ಪಿಲ್ಲದೆ ಅದು ಸೊರಗಿ, ಕಾಲು ನಡುಗಿ, ಬರೀ ಮಣ್ಣು ನೆಕ್ಕುತ್ತಿತ್ತು.

"ಉಪ್ಪು ಬರದಿದ್ದರೆ ನನ್ನ ಮಗು ಉಳಿಯೋದಿಲ್ಲ," ಎಂದು ಚುಕ್ಕಿ ನರಿಯ ಮುಂದೆ ಅತ್ತಿತು.

"ಏನು ಮಾಡಲಿ ತಾಯಿ, ಆ ಕರಡಿ ಲಂಚಬಡಕ," ಎಂದಿತು ನರಿ. "ಕೈ ಬೆಚ್ಚಗೆ ಮಾಡದೆ ಬಿಡೋದಿಲ್ಲ. ಮನೆಗೊಂದು ದೊನ್ನೆ ಜೇನು ಕೊಡಿ, ನಾನು ಮಾತಾಡ್ತೀನಿ."

ಎಲ್ಲರೂ ಕೊಟ್ಟರು. ಚುಕ್ಕಿ ಮರಿಗೆಂದು ಇಟ್ಟಿದ್ದ ಜೇನನ್ನೇ ಕೊಟ್ಟಿತು. ಆದರೂ ಕರಡಿ ಗಂಟು ಬಿಚ್ಚುವುದನ್ನು ಬಿಡಲಿಲ್ಲ. ಕಾಡಿಗೆ ಕಾಡೇ ಅದಕ್ಕೆ ಹಿಡಿಶಾಪ ಹಾಕಿತು.

ಮುಂದಿನ ಸಲ ಗಂಟುಗಳೆಲ್ಲ ಕತ್ತೆಗಳ ಮೇಲೇರಿದ ಮೇಲೆ ಚುಕ್ಕಿ ಹೇಳಿತು: "ನಾನೂ ಬರ್ತೀನಿ. ಆ ಕರಡಿಯನ್ನ ಕೇಳಿಯೇ ಬಿಡ್ತೀನಿ."

"ನಿನಗ್ಯಾಕಮ್ಮ ಆ ಒರಟನ ಸಹವಾಸ," ಎಂದು ನರಿ ತಡೆಯಿತು. ಯಾರೂ ಕೇಳಲಿಲ್ಲ. ಆನೆ, ಮೊಲ, ಹಂದಿ, ಎಲ್ಲರೂ ಹೊರಟೇಬಿಟ್ಟರು.

ಕಣಿವೆ ತಲುಪುತ್ತಲೇ ಚುಕ್ಕಿ ಕರಡಿಯ ಎದುರು ನಿಂತಿತು. "ನಾಚಿಕೆ ಆಗೋದಿಲ್ವೇನೋ ನಿನಗೆ? ಅಷ್ಟು ಜೇನು ತಿಂದರೂ ಹೊಟ್ಟೆ ತುಂಬಲಿಲ್ಲವಾ? ಅಲ್ಲಿ ನನ್ನ ಮಗು ಸಾಯ್ತಾ ಇದೆ."

ಕರಡಿ ಕಣ್ಣು ಮಿಟುಕಿಸಿತು. "ಯಾವ ಜೇನು?"

ಎಲ್ಲರೂ ನರಿಯ ಕಡೆ ತಿರುಗಿದರು. ನರಿ ಆಕಾಶ ನೋಡುತ್ತಿತ್ತು.

ಕರಡಿ ಅವರನ್ನು ಬಂಡೆಯ ಹಿಂದೆ ಕರೆದೊಯ್ದಿತು. ಅಲ್ಲಿ ಕಲ್ಲು ಮತ್ತು ಕೊಳೆತ ಹಣ್ಣಿನ ರಾಶಿ ಬಿದ್ದಿತ್ತು. "ನಿಮ್ಮ ಕಾಡಿನ ಗಂಟುಗಳ ತಳದಲ್ಲಿ ಸಿಕ್ಕಿದ್ದು. ಮೇಲೆ ಒಳ್ಳೆ ಹಣ್ಣು, ಕೆಳಗೆ ಇದು. ಮೊದಲು ನಾನು ಬಿಚ್ಚುತ್ತಲೇ ಇರಲಿಲ್ಲ. ಇನ್ನೊಂದು ಕಲ್ಲು ಬಂದರೆ ದಾರಿಯನ್ನೇ ಮುಚ್ಚಿಸ್ತೀವಿ ಅಂತ ಆಮೆಗಳು ಹೇಳಿದವು. ಯಾರ ಗಂಟು ಯಾವುದೋ ನನಗೇನು ಗೊತ್ತು? ಎಲ್ಲವನ್ನೂ ಬಿಚ್ಚಬೇಕಾಯಿತು. ಕಟ್ಟುವಾಗ ನೀವೇ ನೋಡಿ ಕಳಿಸಿ ಅಂತ ನರಿ ಕೈಲಿ ಹೇಳಿ ಕಳಿಸಿದ್ದೆನಲ್ಲ."

ಆ ಮಾತು ಯಾರನ್ನೂ ಮುಟ್ಟಿರಲಿಲ್ಲ.

"ಯಾರು ಹಾಕಿದರೋ," ಎಂದು ನರಿ ಗೊಣಗಿತು. "ಈ ಕತ್ತೆಗಳೇ ಹಾಕಿರಬೇಕು."

"ಇರಲಿ," ಎಂದಿತು ಕರಡಿ. "ಇವತ್ತು ನಾನು ಮುಟ್ಟೋದಿಲ್ಲ. ಅವರವರ ಗಂಟು ಅವರವರೇ ಬಿಚ್ಚಿ, ತಳದ ಹಣ್ಣು ತಿಂದು ತೋರಿಸಿ."

ಎಲ್ಲರೂ ಬಿಚ್ಚಿ ತಿಂದರು. ನರಿ ತನ್ನ ಗಂಟಿನ ಮೇಲಿನ ಹಣ್ಣಿಗೆ ಬಾಯಿ ಹಾಕಿತು.

"ತಳದ್ದು," ಎಂದಿತು ಚುಕ್ಕಿ.

"ಯಾಕೋ ಹೊಟ್ಟೆ ಸರಿಯಿಲ್ಲ."

"ಕಾಡಿನ ಜೇನೆಲ್ಲ ಒಬ್ಬನೇ ಕುಡಿದರೆ ಹೇಗೆ ಸರಿ ಇರುತ್ತೆ?" ಎಂದಿತು ಆನೆ.

ನರಿ ತಳಕ್ಕೆ ಕಾಲು ಹಾಕಿತು. ಕಲ್ಲು ಬಂತು. ಇನ್ನೊಂದು ಕಲ್ಲು ಬಂತು. ಅದರಡಿಯಿಂದ ಹುಳ ಹರಿದಾಡುವ ಕಪ್ಪು ಹಣ್ಣು ಬಂತು. ಅದನ್ನು ನರಿ ಎಲ್ಲರೆದುರು ನುಂಗಬೇಕಾಯಿತು. ಮಾಡಿದ್ದುಣ್ಣೋ ಮಹಾರಾಯ.

ಆದರೆ ಒಬ್ಬರೂ ನಗಲಿಲ್ಲ. ನಗುವುದಕ್ಕೆ ಮುಖ ಎಲ್ಲಿತ್ತು? ಕೊಳಕೆಲ್ಲ ತಮ್ಮದೇ ಕಾಡಿನದು, ಬೈಗುಳವೆಲ್ಲ ಪರರ ಕರಡಿಗೆ. ಹೇಳೋಕೆ ನನಗೇ ನಾಚಿಕೆಯಾಗುತ್ತದೆ, ಅಲ್ಲಿ ನಿಂತವರಿಗೆ ಹೇಗಾಗಿರಬೇಡ. ಚುಕ್ಕಿ ತಲೆ ಎತ್ತಲೇ ಇಲ್ಲ.

"ತಪ್ಪಾಯ್ತಣ್ಣ. ನಿನ್ನ ಮುಖ ನೋಡೋ ಯೋಗ್ಯತೆ ನನಗಿಲ್ಲ."

"ಹಣ್ಣು ಬಾಡ್ತಿದೆ, ಹೊರಡಮ್ಮ," ಎಂದಿತು ಕರಡಿ. "ಮಗು ಕಾಯ್ತಿರುತ್ತೆ."

ಆ ಸಲ ಹಣ್ಣು ಹಸನಾಗಿ ದಡ ಸೇರಿತು, ಉಪ್ಪು ಬಂತು. ಚುಕ್ಕಿಯ ಮರಿ ಉಪ್ಪು ನೆಕ್ಕಿ ನೆಕ್ಕಿ ಎದ್ದು ನಿಂತಿತು. ಅಂದಿನಿಂದ ಆಲದ ಮರದಡಿ, ಎಲ್ಲರ ಕಣ್ಣೆದುರೇ ಗಂಟು ಕಟ್ಟುವ ಪದ್ಧತಿ ಬಂತು. ಕಟ್ಟುವುದು ಗೀಜಗ ಹಕ್ಕಿ. ಅದು ನೇಯ್ದ ಗಂಟನ್ನು ಬಿಚ್ಚಿದರೆ ಇನ್ನೊಬ್ಬರು ಹಾಗೆ ಕಟ್ಟಲಾರರು. ಕರಡಿ ಆ ಗಂಟು ನೋಡಿ ಸುಮ್ಮನೆ ದಾರಿ ಬಿಡುತ್ತಿತ್ತು.

ಯಜಮಾನಿಕೆ ಹೋದ ನರಿ ಸಾಲಿನ ಕೊನೆಗೆ ತನ್ನ ಗಂಟು ತಂದು ಇಡುತ್ತಿತ್ತು. ಯಾರೂ ಕೇಳದಿದ್ದರೂ ತಳದಿಂದ ಒಂದು ಹಣ್ಣು ತೆಗೆದು ತಿಂದು, "ಈಗ ಕಟ್ಟಪ್ಪ," ಎನ್ನುತ್ತಿತ್ತು. ಅದು ತಿಂದು ಮುಗಿಸುವ ತನಕ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ನೀತಿ: ಒಬ್ಬನ ಮೋಸಕ್ಕೆ ಎಲ್ಲರ ಗಂಟೂ ಬಿಚ್ಚಬೇಕಾಗುತ್ತದೆ, ದಾರಿ ಕಾಯುವವನನ್ನು ಬೈಯುವ ಮೊದಲು ನಮ್ಮ ಗಂಟಿನ ತಳ ನೋಡಿಕೊಳ್ಳಬೇಕು.