ಕಪಿಲೆಯ ಎತ್ತುಗಳು ನಿಂತ ದಿನ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಅವ್ವನಿಗೆ ಲಕ್ವ ಹೊಡೆದು ಮಾತು ಹೋಗಿದೆ. ನನ್ನ ಮಾತು ಅವಳಿಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು. ಮಾತೇ ಇಲ್ಲದವಳ ಹತ್ತಿರ ಕೂತು ನಾನೇನು ಮಾಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಿದ್ದ. ಕಪಿಲೆಯ ಎತ್ತುಗಳು ನಡೆಯುವುದು ಹಾಡಿಗೆ, ಬಾರುಕೋಲಿಗಲ್ಲ. ಹಾಡು ಏರಿದರೆ ಇಳಿಜಾರಿನಲ್ಲಿ ಮುಂದಕ್ಕೆ ಇಳಿಯುತ್ತವೆ, ನೀರು ತುಂಬಿದ ಚರ್ಮದ ಚೀಲ ಬಾವಿಯಿಂದ ಮೇಲೆ ಬರುತ್ತದೆ. ಹಾಡು ತಗ್ಗಿದರೆ ಹಿಂದಕ್ಕೆ ಸರಿಯುತ್ತವೆ, ಚೀಲ ಮತ್ತೆ ಬಾವಿಗಿಳಿಯುತ್ತದೆ.

ಒಂದು ಬೆಳಿಗ್ಗೆ ರೈತನಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಹೆಂಡತಿ ಏನು ಕೇಳಿದರೂ ಬಾಯಿ ತೆರೆಯುತ್ತಿದ್ದ, ಅಕ್ಷರ ಹೊರಡುತ್ತಿರಲಿಲ್ಲ. ಇಂಥವನೆದುರು ಹಾಡುವುದೆಂದರೆ ಅವನನ್ನು ಹಂಗಿಸಿದಂತೆ ಎಂದುಕೊಂಡಳು. ಬೀಸುವ ಕಲ್ಲಿನ ಮುಂದೆ ಹಾಡುವುದನ್ನು ಬಿಟ್ಟಳು. ಕಪಿಲೆಗೆ ಬಂದ ಆಳಿಗೂ, "ಬಾಯಿ ಮುಚ್ಕೊಂಡು ಹೊಡಿಯಪ್ಪಾ," ಎಂದಳು.

ಹಾಡಿಲ್ಲದೆ ಎತ್ತುಗಳು ಹೆಜ್ಜೆ ಕೀಳಲಿಲ್ಲ. ಆಳು ಬೈದ, ಹೊಡೆದ, ಸಾಕಾಗಿ ಎದ್ದು ಹೋದ. ಬಾವಿಯಲ್ಲಿ ನೀರಿತ್ತು, ತೋಟ ಬಾಡುತ್ತಿತ್ತು.

ಬೇರೆ ದಾರಿ ಕಾಣದೆ ಹೆಂಡತಿಯೇ ಹಗ್ಗ ಹಿಡಿದಳು. ಗಂಡ ಬಾವಿಯ ಪಕ್ಕದ ಗುಡಿಸಲ ಮುಂದೆ ಕೂತಿದ್ದ. ಅವನ ಮುಖ ನೋಡಲಾರದೆ ಬೆನ್ನು ತಿರುಗಿಸಿ, ಅಳುಕುತ್ತಲೇ ಹಾಡು ಎತ್ತಿಕೊಂಡಳು: "ನಡೆಯೋ ನನ್ನ ಬಸವ..." ಮುಂದಿನದು ಅವಳಿಗೆ ನೆನಪಾಗಲಿಲ್ಲ.

"...ಹೊಲಕೆಲ್ಲ ನೀರಡಿಕೆ," ಎಂದು ಹಿಂದಿನಿಂದ ಹಾಡು ಬಂತು.

ಗಂಡನ ದನಿ. ಒಂದಕ್ಷರವೂ ತೊದಲಿರಲಿಲ್ಲ. ಎತ್ತುಗಳು ಕಿವಿ ನಿಮಿರಿಸಿ ಇಳಿದವು. ನೀರು ದಬದಬನೆ ಕಾಲುವೆಗೆ ಬಿತ್ತು.

ಅವಳು ಹಗ್ಗ ಬಿಟ್ಟು ತಿರುಗಿದಳು. ಓಡಿ ಬಂದು, "ಮಾತು ಬಂತಾ?" ಎಂದಳು. ಅವನು ಬಾಯಿ ತೆರೆದ, ಏನೂ ಬರಲಿಲ್ಲ. ಮಾತು ಬಾರದ ಬಾಯಿಗೆ ಹಾಡು ಬರುತ್ತದೆಂದು ಅವಳಿಗೆ ಹೊಳೆಯಿತು. ಆಮೇಲೆ ಕಪಿಲೆಯ ಧಾಟಿಯಲ್ಲೇ ಹಾಡಿ ಕೇಳಿದಳು: "ನೀರು ಬೇಕೇನೋ ನನ್ನ ದೊರೆಯೇ?"

ಅದೇ ಧಾಟಿಯಲ್ಲಿ ಅವನೆಂದ: "ನೀರು ಬೇಕು... ನೀರು ಬೇಕು."

ಗುಡಿಯಲ್ಲಿ ನಿಂತವಳಂತೆ ಅವಳು ಕೈಮುಗಿದು ನಿಂತುಬಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಊಟಕ್ಕೆ ಕರೆಯುವುದೂ ಹಾಡಿನಲ್ಲೇ ಆಯಿತು. ಒಂದೊಂದೇ ಮಾತು ಎತ್ತಿನ ಹೆಜ್ಜೆಯ ಹಾಗೆ ನಿಧಾನವಾಗಿ ಅವನ ಬಾಯಿಗೆ ಮರಳಿತು.

ಕತೆ ಮುಗಿಯಿತು. ಶಿಷ್ಯ ತಲೆ ತಗ್ಗಿಸಿ, "ನನಗೆ ಕಪಿಲೆಯ ಹಾಡು ಬರುವುದಿಲ್ಲ, ಗುರುಗಳೇ," ಎಂದ.

ಗುರುಗಳೆಂದರು: "ನಿನಗೆ ಮಾತೇ ಇಲ್ಲದಿದ್ದಾಗ, ನಿನ್ನ ಅವ್ವ ತೊಟ್ಟಿಲ ಹತ್ತಿರ ಕೂತು ಏನು ಮಾಡುತ್ತಿದ್ದಳು?"